ಹಳೇ ಜೀಪ್‌ಗೆ ಹೊಸ ಎಂಜಿನ್ ಹಾಕಿದ್ರೆ ಆರ್‌ಸಿ ಯಾಕೆ ಒಪ್ಪಲ್ಲ

ತೋಟದ ಮನೆ ಶೆಡ್ಡಲ್ಲಿ ಒಂದು ಜೀಪ್ ನಿಂತಿದೆ ಅಂತ ಇಟ್ಕೊಳ್ಳಿ. 1968ರದ್ದು, ಎಂವೈ ಅಂತ ಶುರುವಾಗೋ ನಂಬರ್ರು, ಕಂಪನಿಯಿಂದ ಬಂದಾಗ ಪೆಟ್ರೋಲ್ ಎಂಜಿನ್ ಇತ್ತು, ಎಂಬತ್ತರ ದಶಕದಲ್ಲಿ ಪೆಟ್ರೋಲ್ ಹಾಕಿ ಹಾಕಿ ಸಾಕಾಗಿ ಯಾರೋ ಅದನ್ನ ಕಿತ್ತು ಮಹೀಂದ್ರಾ ಡೀಸೆಲ್ ಎಂಜಿನ್ ಕೂರ್ಸಿದಾರೆ, ಅದಕ್ಕೆ ತಕ್ಕ ಹಾಗೆ ಗೇರ್‌ಬಾಕ್ಸ್ ಬದಲಾಗಿದೆ, ಕೂಲಿಯವರು ಕೂರೋಕೆ ಅಂತ ಹಿಂದೆ ಬಾಡಿ ಉದ್ದ ಮಾಡ್ಸಿದಾರೆ. ಈಗ ಮನೆ ಹುಡುಗ ಅದನ್ನ ಪಾಲಿಶ್ ಹೊಡ್ಸಿ, ವಿಂಟೇಜ್ ನಂಬರ್ ಪ್ಲೇಟ್ ಹಾಕ್ಸಿ, ವೀಕೆಂಡ್ ಓಡಿಸ್ಬೇಕು ಅಂತಾನೆ. ಮಲೆನಾಡಲ್ಲಿ, ಕೊಡಗಲ್ಲಿ ಇಂಥ ಜೀಪ್ ಹುಡುಕಿಕೊಂಡು ಹೋಗೋದೇ ಬೇಡ, ಎರಡು ಊರು ದಾಟಿದ್ರೆ ಒಂದು ಸಿಗುತ್ತೆ.

ನೇರವಾಗಿ ಹೇಳ್ಬೇಕಂದ್ರೆ, ಆ ಜೀಪ್ ಹಳೇದು ಹೌದು, ಆದ್ರೆ ಕಾನೂನಿನ ಲೆಕ್ಕದಲ್ಲಿ ವಿಂಟೇಜ್ ಅಲ್ಲ. ಅಷ್ಟೇ ಅಲ್ಲ, ಮಾಮೂಲಿ ಗಾಡಿ ಅಂತ ಒಪ್ಕೊಳ್ಳೋಕೂ ಆರ್‌ಟಿಓ ಆಫೀಸಲ್ಲಿ ಹಿಂದೆ ಮುಂದೆ ನೋಡ್ತಾರೆ. ಅಲ್ಲಿಗೆ ಹೋದವ್ರು ತುಂಬಾ ಜನ ಇದನ್ನ ಬರೀ ಕಿರುಕುಳ, ಲಂಚದ ಆಟ ಅಂತ ಬೈಕೊಂಡು ವಾಪಸ್ ಬರ್ತಾರೆ. ಅದೂ ಒಂದಿಷ್ಟು ಇರ್ಬಹುದು, ಇಲ್ಲ ಅನ್ನಲ್ಲ. ಆದ್ರೆ ಒಳಗಿನ ಲೆಕ್ಕಾಚಾರ ಗೊತ್ತಾದ್ರೆ ಅರ್ಧ ತಲೆನೋವು ಕಮ್ಮಿ ಆಗುತ್ತೆ, ಯಾಕಂದ್ರೆ ಕಾನೂನು ನೋಡೋದು ನಿಮ್ಮ ಗಾಡಿ ಎಷ್ಟು ಚೆನ್ನಾಗಿ ಓಡುತ್ತೆ ಅಂತ ಅಲ್ಲ, ಕಾಗದದಲ್ಲಿ ಬರ್ದಿರೋ ಗಾಡಿನೂ ಎದುರಿಗೆ ನಿಂತಿರೋ ಗಾಡಿನೂ ಒಂದೇನಾ ಅಂತ.

ಮೊದಲು ಮಾಲೀಕತ್ವದ ವಿಷಯ. ಅಮೆರಿಕದಲ್ಲಿ ಗಾಡಿಗೆ ಟೈಟಲ್ ಅಂತ ಬೇರೆ ಪತ್ರ ಇರುತ್ತೆ, ರಿಜಿಸ್ಟ್ರೇಷನ್ ಬೇರೆ. ನಮ್ಮಲ್ಲಿ ಅದಿಲ್ಲ, ಎರಡೂ ಕೆಲಸ ಆರ್‌ಸಿ ಒಂದೇ ಮಾಡುತ್ತೆ, ಅದೂ ಅರೆಬರೆ. ಜಮೀನಿಗೆ ಕ್ರಯಪತ್ರ ಬೇರೆ ಪಹಣಿ ಬೇರೆ ಇದ್ದ ಹಾಗೆ ಗಾಡಿಗೆ ಇಲ್ವಲ್ಲ, ಪಹಣಿ ಒಂದನ್ನೇ ಇಟ್ಕೊಂಡು ಜಮೀನು ನಂದು ಅಂತ ಸಾಧಿಸೋ ಪರಿಸ್ಥಿತಿ ನಮ್ಮ ಹಳೇ ಗಾಡಿ ಮಾಲೀಕರದ್ದು. ದುಡ್ಡು ಕೊಟ್ಟಿದೀನಿ, ಸ್ಟಾಂಪ್ ಪೇಪರ್ ಮೇಲೆ ಸೈನ್ ಹಾಕ್ಸ್ಕೊಂಡಿದೀನಿ, ಗಾಡಿ ನನ್ನ ಮನೆ ಮುಂದೆ ನಿಂತಿದೆ, ಇದೆಲ್ಲ ಇದ್ರೂ ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವ್ರನ್ನೇ ಮೋಟಾರು ವಾಹನ ಕಾಯ್ದೆ ಮಾಲೀಕರು ಅನ್ನೋದು. 2018ರಲ್ಲಿ ನವೀನ್ ಕುಮಾರ್ ಕೇಸಲ್ಲಿ ಸುಪ್ರೀಂ ಕೋರ್ಟ್ ಇದನ್ನ ಬಿಡಿಸಿ ಹೇಳಿದೆ: ಗಾಡಿ ಎಷ್ಟು ಕೈ ದಾಟಿ ಹೋಗಿದ್ರೂ ಸರಿ, ಆಕ್ಸಿಡೆಂಟ್ ಆದ್ರೆ ರಿಜಿಸ್ಟರ್‌ನಲ್ಲಿ ಹೆಸರಿರೋನೇ ಹೊಣೆ. ಹಳೇ ಗಾಡಿಗಳಲ್ಲಿ ಆ ಹೆಸರು ಎಷ್ಟೋ ಸಲ ತೀರಿಕೊಂಡೋರದ್ದು, ಇಲ್ಲಾ ಮುಚ್ಚಿ ಹೋಗಿರೋ ಎಸ್ಟೇಟ್ ಕಂಪನಿಯದ್ದು, ಇಲ್ಲಾ ನಾಲ್ಕು ಮಾಲೀಕರ ಹಿಂದಿನ ಯಾರೋ ಸಾಹುಕಾರ್ರದ್ದು.

ಇನ್ನು ಆ ಆರ್‌ಸಿಯಲ್ಲಿ ಏನೇನು ಬರ್ದಿರುತ್ತೆ ಅಂತ ಒಮ್ಮೆ ತೆಗೆದು ನೋಡಿ. ಚಾಸಿ ನಂಬರ್, ಎಂಜಿನ್ ನಂಬರ್, ಬಾಡಿ ಯಾವ ಥರದ್ದು, ಎಷ್ಟು ಸೀಟು, ಯಾವ ಇಂಧನ, ಸಿಸಿ ಎಷ್ಟು, ತಯಾರಾದ ವರ್ಷ, ಬಣ್ಣ. ನೀವು ಗ್ಯಾರೇಜಲ್ಲಿ ಮಾಡ್ಸಿರೋ ಬದಲಾವಣೆ ಈ ಪಟ್ಟಿಯಲ್ಲಿರೋ ಒಂದನ್ನೂ ಮುಟ್ಟಿಲ್ಲ ಅಂದ್ರೆ ಸಾಮಾನ್ಯವಾಗಿ ಯಾರೂ ನಿಮ್ಮ ತಂಟೆಗೆ ಬರಲ್ಲ, ಹೊಸ ಸೀಟ್ ಕವರ್ ಹಾಕ್ಸಿ, ಡೈನಮೋ ತೆಗೆದು ಆಲ್ಟರ್ನೇಟರ್ ಹಾಕ್ಸಿ, 6 ವೋಲ್ಟ್ ಇದ್ದಿದ್ದನ್ನ 12 ವೋಲ್ಟ್ ಮಾಡ್ಸಿ, ಕಾರ್ಬುರೇಟರ್ ಬದಲಾಯ್ಸಿ, ಆಫೀಸ್ ಮಟ್ಟದಲ್ಲಿ ಅದು ದೊಡ್ಡ ವಿಷಯ ಆಗಲ್ಲ. ಪಟ್ಟಿಯಲ್ಲಿರೋದನ್ನ ಮುಟ್ಟಿದ್ರೆ ಮಾತ್ರ ಕಥೆ ಬೇರೆ.

ಇದಕ್ಕೆ ಮೂಲ 1988ರ ಕಾಯ್ದೆಯ 52ನೇ ಸೆಕ್ಷನ್. ಅದು ಹೇಳೋದಿಷ್ಟು, ಕಂಪನಿಯವ್ರು ಮೊದಲು ಏನು ಸ್ಪೆಸಿಫಿಕೇಷನ್ ಕೊಟ್ಟಿದ್ರೋ ಅದಕ್ಕೂ ಆರ್‌ಸಿಯಲ್ಲಿರೋ ವಿವರಕ್ಕೂ ವ್ಯತ್ಯಾಸ ಬರೋ ಹಾಗೆ ಮಾಲೀಕ ಗಾಡಿನ ಬದಲಾಯ್ಸೋ ಹಾಗಿಲ್ಲ. ಗಮನಿಸಿ, ಆರ್‌ಟಿಓಗೆ ಹೇಳಿ ಬದಲಾಯ್ಸಿ ಅಂತಲ್ಲ, ಬದಲಾಯ್ಸಲೇಬೇಡಿ ಅಂತ. 2000ನೇ ಇಸವಿಯ ತಿದ್ದುಪಡಿಗೆ ಮುಂಚೆ ಇಲ್ಲಿ ಸ್ವಲ್ಪ ಸಡಿಲ ಇತ್ತು, ಮುಂಚೆ ಪರ್ಮಿಷನ್ ತಗೊಂಡ್ರೆ ದಾರಿ ಸಿಗ್ತಿತ್ತು, ಆಮೇಲೆ ಬಿಗಿ ಆಯ್ತು. ಹಾಗಿದ್ರೂ ಎಷ್ಟೋ ವರ್ಷ ಒಂದೊಂದು ರಾಜ್ಯದಲ್ಲಿ ಒಂದೊಂದು ರೀತಿ ನಡೀತಾ ಇತ್ತು, ಕೊನೆಗೆ ಕೇರಳದಿಂದ ಹೋದ ಕೆ. ಜಯಚಂದ್ರ ಕೇಸಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೈಕೋರ್ಟಿನ ತೀರ್ಪನ್ನ ತಳ್ಳಿ ಹಾಕಿ, ರಾಜ್ಯದ ರೂಲ್ ಏನೇ ಇರ್ಲಿ ಕಾಯ್ದೆಯ 52ನೇ ಸೆಕ್ಷನ್ನೇ ಮೇಲು, ಕಂಪನಿಯ ಮೂಲ ವಿನ್ಯಾಸಕ್ಕೆ ವಿರುದ್ಧ ಆಗೋ ಬದಲಾವಣೆ ನೋಂದಣಿ ಮಾಡೋ ಹಾಗಿಲ್ಲ ಅಂತು. ಅದೇ ವರ್ಷ ಬಂದ ತಿದ್ದುಪಡಿಯಲ್ಲಿ 182ಎ ಸೆಕ್ಷನ್‌ನ ಹೊಸದಾಗಿ ಬರ್ದಿದಾರೆ, ಅದ್ರ ಪ್ರಕಾರ ಅನುಮತಿ ಇಲ್ಲದ ಮಾಡಿಫಿಕೇಷನ್‌ಗೆ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಇಲ್ಲಾ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲಾ ಎರಡೂ. ಒಂದೊಂದಕ್ಕೂ ಅನ್ನೋದು ಮುಖ್ಯ. ಎಂಜಿನ್ ಒಂದು, ಬಾಡಿ ಒಂದು ಅಂತ ಎಣಿಸ್ತಾ ಹೋದ್ರೆ ಮೇಲಿನ ಜೀಪ್ ಶೆಡ್ಡಿಂದ ಆಚೆ ಬರೋ ಮುಂಚೆನೇ ದುಬಾರಿ ಆಯ್ತು.

ಹಾಗಾದ್ರೆ ಎಂಜಿನ್ ಹಾಳಾದ್ರೆ ಏನ್ ಮಾಡೋದು, ಗಾಡಿ ಬಿಸಾಕೋದಾ? ಇಲ್ಲ. ಅದೇ ಮೇಕ್, ಅದೇ ಟೈಪಿನ ಎಂಜಿನ್ ಹಾಕೋದಕ್ಕೆ ದಾರಿ ಇದೆ. ಫಿಯಟ್ 1100ಗೆ ಅದೇ ಫಿಯಟ್ ಎಂಜಿನ್ ಹಾಕಿದ್ರೆ ಮೂಲ ಸ್ಪೆಸಿಫಿಕೇಷನ್ ಏನೂ ಬದಲಾಗಲ್ಲ, ನಂಬರ್ ಮಾತ್ರ ಬದಲಾಗುತ್ತೆ, ಅದನ್ನ ಆರ್‌ಸಿಯಲ್ಲಿ ಎಂಟ್ರಿ ಮಾಡ್ಸ್ಬೇಕು, ಬದಲಾವಣೆ ಮಾಡಿದ 14 ದಿನದೊಳಗೆ ತಿಳಿಸ್ಬೇಕು ಅಂತ ಕಾಯ್ದೆಯಲ್ಲೇ ಇದೆ. ಸೋಲು ಎಲ್ಲಿ ಬರುತ್ತೆ ಅಂದ್ರೆ ಬಿಲ್ಲಲ್ಲಿ. ಐವತ್ತು ವರ್ಷದ ಹಿಂದಿನ ಎಂಜಿನ್ ಹೊಸದು ಎಲ್ಲಿ ಸಿಗ್ಬೇಕು, ಸ್ಕ್ರ್ಯಾಪ್ ಅಂಗಡಿಯಿಂದಾನೇ ತರ್ಬೇಕು, ಅಲ್ಲಿ ಕೊಡೋದು ಬಿಳಿ ಚೀಟಿ. ಆಫೀಸಲ್ಲಿ ಕೇಳೋದು ಎಂಜಿನ್ ನಂಬರ್ ನಮೂದಾಗಿರೋ ಸರಿಯಾದ ಬಿಲ್, ಆ ಎಂಜಿನ್ ಯಾವ ಗಾಡಿಯಿಂದ ಬಂತು, ಆ ಗಾಡಿಯ ಆರ್‌ಸಿ ಕ್ಯಾನ್ಸಲ್ ಆಗಿದೆಯಾ, ಕದ್ದ ಮಾಲಲ್ಲ ಅನ್ನೋದಕ್ಕೆ ಏನು ಗ್ಯಾರಂಟಿ. ಅವ್ರ ಜಾಗದಲ್ಲಿ ನಿಂತು ನೋಡಿದ್ರೆ ಈ ಪ್ರಶ್ನೆಗಳು ಅನ್ಯಾಯ ಏನಲ್ಲ. ಹಾಗಾಗಿ ಎಂಜಿನ್ ಬೆಲೆ ಚೌಕಾಸಿ ಮಾಡೋವಾಗ್ಲೇ ಕಾಗದದ ಬಗ್ಗೆನೂ ಚೌಕಾಸಿ ಮಾಡಿ, ಕಾಗದ ಇರೋ ಎಂಜಿನ್‌ಗೆ ನಾಲ್ಕು ಕಾಸು ಜಾಸ್ತಿ ಕೊಟ್ರೂ ನಷ್ಟ ಇಲ್ಲ.

ಬೇರೆ ಜಾತಿ ಎಂಜಿನ್, ಅಂದ್ರೆ ಪೆಟ್ರೋಲ್ ಜೀಪ್‌ಗೆ ಡೀಸೆಲ್, ಹಳೇ ಅಂಬಾಸಡರ್‌ಗೆ ಇಸುಝು, ಇದು ಈಗಿನ ಕಾನೂನಲ್ಲಿ ಹೆಚ್ಚು ಕಮ್ಮಿ ಮುಚ್ಚಿದ ಬಾಗಿಲು. ಅಂಬಾಸಡರ್‌ಗೆ ತೊಂಬತ್ತರ ದಶಕದಲ್ಲಿ ಕಂಪನಿಯವ್ರೇ ಇಸುಝು ಎಂಜಿನ್ ಹಾಕಿ ಮಾರಿದ್ರಲ್ಲ ಅಂತ ವಾದ ಮಾಡೋರಿದಾರೆ. ಹೌದು ಮಾರಿದ್ರು, ಆದ್ರೆ ನಿಮ್ಮ 1970ರ ಮಾರ್ಕ್ 2ಗೆ ಆ ಎಂಜಿನ್ ಬಂದಿರ್ಲಿಲ್ಲ, ಆರ್‌ಟಿಓ ನೋಡೋದು ನಿಮ್ಮ ಗಾಡಿಯ ಮೂಲ ಸ್ಪೆಸಿಫಿಕೇಷನ್. ಇಲ್ಲೊಂದು ಸೂಕ್ಷ್ಮ ಇದೆ: ಹಳೇ ಕಾಲದಲ್ಲಿ, ರೂಲ್ ಸಡಿಲ ಇದ್ದಾಗ, ಡೀಸೆಲ್ ಎಂಜಿನ್ ಹಾಕಿ ಅದನ್ನ ಆರ್‌ಸಿಯಲ್ಲಿ ಅಧಿಕೃತವಾಗಿ ಬರ್ಸಿರೋ ಗಾಡಿಗಳು ಬೇಕಾದಷ್ಟಿವೆ. ಆರ್‌ಸಿ ಪುಸ್ತಕದ ಹಿಂದಿನ ಪುಟದಲ್ಲಿ ಕೈಬರಹದಲ್ಲಿ ಒಂದು ಸಾಲು, ಸೀಲು, ಸೈನು. ಆ ಒಂದು ಸಾಲು ಇದ್ರೆ ನಿಮ್ಮ ಗಾಡಿ ಮಾಮೂಲಿ ರಿಜಿಸ್ಟ್ರೇಷನ್‌ನಲ್ಲಿ ಆರಾಮಾಗಿ ಮುಂದುವರೀಬಹುದು, ಇಲ್ಲದಿದ್ರೆ ಇಲ್ಲ. ಅದಕ್ಕೇ ಮಾಡಿಫೈ ಆಗಿರೋ ಜೀಪ್ ಕೊಳ್ಳೋರು ಬಾನೆಟ್ ಎತ್ತೋ ಮುಂಚೆ ಆರ್‌ಸಿ ಪುಸ್ತಕದ ಹಿಂದಿನ ಪುಟ ನೋಡ್ಬೇಕು.

ಎಂಜಿನ್ನಿಗೆ ನಾವು ಕೊಡೋ ಈ ಪಟ್ಟ ಎಲ್ಲಾ ದೇಶದಲ್ಲೂ ಇಲ್ಲ. ಬ್ರಿಟನ್ನಲ್ಲಿ 2025ರವರೆಗೆ ವರ್ಷಗಟ್ಟಲೆ ನಡ್ಕೊಂಡು ಬಂದಿದ್ದ ಪದ್ಧತಿ ಏನಂದ್ರೆ, ಗಾಡಿಯ ಭಾಗಗಳಿಗೆ ಅಂಕ ಕೊಡೋದು: ಚಾಸಿಗೆ 5, ಸಸ್ಪೆನ್ಷನ್, ಆಕ್ಸಲ್, ಗೇರ್‌ಬಾಕ್ಸ್, ಸ್ಟಿಯರಿಂಗ್ ಒಂದೊಂದಕ್ಕೂ 2, ಎಂಜಿನ್ನಿಗೆ ಬರೀ 1. ಮೂಲದ್ದೇ ಭಾಗಗಳು ಸೇರಿ ಕನಿಷ್ಠ 8 ಅಂಕ ಬಂದ್ರೆ ಹಳೇ ನಂಬರ್ ಉಳೀತಿತ್ತು, ಇಲ್ಲದಿದ್ರೆ ಹೊಸದಾಗಿ ಪರೀಕ್ಷೆ ಮಾಡ್ಸಿ ಬೇರೆ ನಂಬರ್ ತಗೋಬೇಕಿತ್ತು, ಗಾಡಿ ವಯಸ್ಸೇ ಗೊತ್ತಾಗದ ಹಾಗಿದ್ರೆ ಕ್ಯೂ ಅಕ್ಷರದ ಪ್ಲೇಟು. ಅಂದ್ರೆ ಅವ್ರ ಲೆಕ್ಕದಲ್ಲಿ ಎಂಜಿನ್ ಸವೆಯೋ ಸಾಮಾನು, ಗಾಡಿಯ ಗುರುತು ಇರೋದು ಚಾಸಿಯಲ್ಲಿ. ನನಗೆ ಅದು ಹೆಚ್ಚು ಸರಿ ಅನ್ಸುತ್ತೆ. ನಮ್ಮಲ್ಲಿ ಮಾಡಿಫೈ ಆಗಿರೋ ಹಳೇ ಗಾಡಿಗೆ ಇಂಥ ಮಧ್ಯದ ಖಾನೆನೇ ಇಲ್ಲ, ಒಂದೋ ಕಂಪನಿಯಿಂದ ಬಂದ ಹಾಗೇ ಇರ್ಬೇಕು, ಇಲ್ಲ ಅಕ್ರಮ. ಇಷ್ಟೊಂದು ಜನ ಕಾಗದ ಇಲ್ಲದೆ ಕದ್ದುಮುಚ್ಚಿ ಓಡ್ಸೋದಕ್ಕೆ ಅದೂ ಒಂದು ಕಾರಣ.

ಈಗ ವಿಂಟೇಜ್ ರೂಲ್‌ಗೆ ಬರೋಣ. 2021ರ ಜುಲೈನಲ್ಲಿ ಕೇಂದ್ರ ಸಾರಿಗೆ ಇಲಾಖೆ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 81ಎ ಇಂದ ಶುರುವಾಗಿ ಒಂದಷ್ಟು ಹೊಸ ರೂಲ್ ಸೇರಿಸ್ತು. ಅದಕ್ಕೆ ಮುಂಚೆ ಇಡೀ ದೇಶಕ್ಕೆ ಒಂದೇ ರೀತಿಯ ವಿಂಟೇಜ್ ನೋಂದಣಿ ಅಂತ ಇರ್ಲಿಲ್ಲ, ಅದೇ ವರ್ಷ ಸ್ಕ್ರ್ಯಾಪಿಂಗ್ ಪಾಲಿಸಿ ಬೇರೆ ಬಂದು ಹಳೇ ಗಾಡಿ ಇಟ್ಕೊಂಡೋರೆಲ್ಲ ಹೆದರ್ಕೊಂಡಿದ್ರು, ಅಂಥ ಟೈಮಲ್ಲಿ ಇದು ಬಂತು. ಇದ್ರ ಪ್ರಕಾರ ಮೊದಲ ನೋಂದಣಿ ಆಗಿ 50 ವರ್ಷ ದಾಟಿರೋ ಟೂ ವೀಲರ್ ಮತ್ತು ಫೋರ್ ವೀಲರ್ ವಿಂಟೇಜ್ ಆಗ್ಬಹುದು, ಹೊರದೇಶದಿಂದ ತರ್ಸಿದ್ದೂ ಸೇರಿ. ಆದ್ರೆ ಅದೇ ವಾಕ್ಯದಲ್ಲಿ ಮುಂದಕ್ಕೆ ಷರತ್ತಿದೆ: ಗಾಡಿ ಮೂಲ ರೂಪದಲ್ಲೇ ಇರ್ಬೇಕು, ಚಾಸಿ, ಬಾಡಿ ಶೆಲ್ ಅಥವಾ ಎಂಜಿನ್ ಮಾರ್ಪಾಡು ಮಾಡಿರೋ ಅಂಥ ದೊಡ್ಡ ಕೆಲಸ ಏನೂ ಆಗಿರ್ಬಾರ್ದು. ಶೆಡ್ಡಲ್ಲಿರೋ ಜೀಪ್ ಬಿದ್ದಿದ್ದು ಇಲ್ಲೇ. ವಯಸ್ಸಿದೆ, ರೂಪ ಇಲ್ಲ.

ಮೂಲ ರೂಪ ಅನ್ನೋದು ಕೇಳೋಕೆ ಸುಲಭ, ತೀರ್ಮಾನ ಮಾಡೋಕೆ ಕಷ್ಟ. ಎರಡನೇ ಮಹಾಯುದ್ಧಕ್ಕೆ ಮುಂಚೆ ರೋಲ್ಸ್ ರಾಯ್ಸ್ ಥರದ ಕಂಪನಿಗಳು ಮಾರ್ತಿದ್ದಿದ್ದೇ ಚಾಸಿ ಮತ್ತು ಎಂಜಿನ್, ಬಾಡಿ ಕಟ್ಟೋದು ಬೇರೆ ಕೋಚ್‌ಬಿಲ್ಡರ್‌ಗಳು, ಮಹಾರಾಜರುಗಳು ಒಂದೇ ಚಾಸಿಗೆ ಬೇಟೆಗೊಂದು ಬಾಡಿ ಮೆರವಣಿಗೆಗೊಂದು ಬಾಡಿ ಅಂತ ಬದಲಾಯ್ಸಿದ್ದೂ ಇದೆ. ಅದ್ರಲ್ಲಿ ಮೂಲ ಯಾವ್ದು? 1935ರಲ್ಲಿ ಬದಲಾಯ್ಸಿದ ಬಾಡಿ ಇವತ್ತಿಗೆ ತೊಂಬತ್ತು ವರ್ಷ ಹಳೇದು, ಅದೇ ಒಂದು ಇತಿಹಾಸ. ಇಂಥದ್ದನ್ನ ನೋಡೋಕೆ ಅಂತಾನೇ ರೂಲಲ್ಲಿ ಪ್ರತಿ ರಾಜ್ಯಕ್ಕೂ ಒಂದು ಸಮಿತಿ ಇರ್ಬೇಕು, ಅದು ಗಾಡಿನ ಪರೀಕ್ಷೆ ಮಾಡಿ ವಿಂಟೇಜ್ ಹೌದೋ ಅಲ್ವೋ ಹೇಳ್ಬೇಕು ಅಂತಿದೆ. ಹಾಗಾಗಿ ನಿಮ್ಮ ಗಾಡಿಯಲ್ಲಿ ಏನಾದ್ರೂ ಹಳೇ ಬದಲಾವಣೆ ಇದ್ರೆ ಮುಚ್ಚಿಡೋಕೆ ಹೋಗ್ಬೇಡಿ, ಅದಕ್ಕೆ ಸಿಕ್ಕಷ್ಟು ಸಾಕ್ಷಿ ಸೇರ್ಸಿ, ಹಳೇ ಫೋಟೋ, ಕಂಪನಿಯ ವರ್ಕ್‌ಶಾಪ್ ಮ್ಯಾನ್ಯುಯಲ್, ಪಾರ್ಟ್ಸ್ ಕ್ಯಾಟಲಾಗ್, ಎಂಜಿನ್ ಮೇಲಿನ ಕ್ಯಾಸ್ಟಿಂಗ್ ನಂಬರ್. ಮಡ್‌ಗಾರ್ಡ್ ತುಕ್ಕು ಹಿಡಿದು ಹೊಸ ತಗಡು ಹಾಕ್ಸಿದ್ರೆ ಅದು ರಿಪೇರಿ, ರೂಫ್ ಕತ್ತರಿಸಿ ಓಪನ್ ಕಾರ್ ಮಾಡಿದ್ರೆ ಅದು ಮಾಡಿಫಿಕೇಷನ್. ಮಧ್ಯದಲ್ಲಿರೋ ನೂರೆಂಟಕ್ಕೆ ನಿಮ್ಮ ಕಾಗದಾನೇ ಮಾತಾಡ್ಬೇಕು.

ಪ್ರೊಸೀಜರ್ ಹೇಳ್ಬೇಕಂದ್ರೆ ಫಾರ್ಮ್ 20ರಲ್ಲಿ ಅರ್ಜಿ, ಜೊತೆಗೆ ಚಾಲ್ತಿಯಲ್ಲಿರೋ ಇನ್ಶೂರೆನ್ಸ್, ಈಗಾಗ್ಲೇ ನೋಂದಣಿ ಆಗಿರೋ ಗಾಡಿಗೆ ಹಳೇ ಆರ್‌ಸಿ, ಹೊರಗಿಂದ ತರ್ಸಿದ್ರೆ ಕಸ್ಟಮ್ಸ್‌ನ ಬಿಲ್ ಆಫ್ ಎಂಟ್ರಿ. ಫೀಸು 20,000 ರೂಪಾಯಿ, ಟೂ ವೀಲರ್‌ಗೂ ಅಷ್ಟೇ, ಯೆಜ್ಡಿ ಇಟ್ಕೊಂಡೋರಿಗೆ ಇದು ಸ್ವಲ್ಪ ಜಾಸ್ತಿನೇ ಆಯ್ತು ಅಂತ ನನ್ನ ಅನಿಸಿಕೆ. ಎಲ್ಲಾ ಸರಿ ಇದ್ರೆ 60 ದಿನದೊಳಗೆ ಫಾರ್ಮ್ 23ಎ ಆರ್‌ಸಿ ಕೊಡ್ಬೇಕು, 10 ವರ್ಷ ನಡೆಯುತ್ತೆ, ಆಮೇಲೆ ಐದೈದು ವರ್ಷಕ್ಕೆ 5,000. ಈಗಾಗ್ಲೇ ನಂಬರ್ ಇರೋ ಗಾಡಿ ಅದೇ ಹಳೇ ನಂಬರ್ ಉಳಿಸ್ಕೋಬಹುದು, ಇದು ನಿಜವಾಗ್ಲೂ ಒಳ್ಳೇ ಕೆಲಸ, ಎಂವೈ ನಂಬರ್ ಕಳ್ಕೊಳ್ಳೋಕೆ ಯಾರಿಗೆ ಮನಸ್ಸು ಬರುತ್ತೆ. ಹೊಸದಾಗಿ ನೋಂದಣಿ ಆಗೋದಕ್ಕೆ ಮಾತ್ರ ರಾಜ್ಯದ ಕೋಡ್, ಆಮೇಲೆ ವಿಎ, ಆಮೇಲೆ ಎರಡಕ್ಷರ, ಆಮೇಲೆ ನಾಲ್ಕಂಕಿ ನಂಬರ್.

ಆದ್ರೆ ಅರ್ಜಿ ಹಾಕೋ ಮುಂಚೆ ಒಂದು ಮಾತು ತಲೇಲಿರ್ಲಿ, ವಿಂಟೇಜ್ ಆರ್‌ಸಿ ತಗೊಂಡ ಗಾಡಿನ ದಿನಾ ಓಡ್ಸೋ ಹಾಗಿಲ್ಲ. ರ‍್ಯಾಲಿ, ಪ್ರದರ್ಶನ, ತಾಂತ್ರಿಕ ಸಂಶೋಧನೆ, ಪೆಟ್ರೋಲ್ ಹಾಕ್ಸೋದು, ರಿಪೇರಿ, ಅಷ್ಟಕ್ಕೆ ಮಾತ್ರ ರಸ್ತೆಗೆ ತರ್ಬಹುದು, ಬಾಡಿಗೆಗಂತೂ ಬಿಡೋ ಹಾಗೇ ಇಲ್ಲ, ಮದುವೆ ಮೆರವಣಿಗೆಗೆ ಕೊಟ್ಟು ದುಡ್ಡು ಮಾಡೋ ಐಡಿಯಾ ಇದ್ರೆ ಮರೆತುಬಿಡಿ. ಧರ್ಮಸ್ಥಳದ ಮಂಜೂಷಾದಲ್ಲೋ ಶ್ರೀರಂಗಪಟ್ಟಣ ಹತ್ರದ ಪಯಣ ಮ್ಯೂಸಿಯಂನಲ್ಲೋ ಇರೋ ಥರದ ಸಂಗ್ರಹದ ಗಾಡಿಗಳಿಗೆ ಈ ರೂಲ್ ಹೇಳಿ ಮಾಡ್ಸಿದ ಹಾಗಿದೆ. ಹಳೇ ಅಂಬಾಸಡರ್‌ನಲ್ಲೇ ಈಗ್ಲೂ ಮಾರ್ಕೆಟ್ಟಿಗೆ ಹೋಗಿ ಬರೋ ಮೇಷ್ಟ್ರಿಗೆ ಇದು ಬೇಡ, ಅವ್ರು ಮಾಮೂಲಿ ರಿಜಿಸ್ಟ್ರೇಷನ್ನೇ ರಿನ್ಯೂ ಮಾಡ್ಸ್ಕೊಂಡು ಇರೋದು ವಾಸಿ.

ಆ ಮಾಮೂಲಿ ದಾರಿ, ಜನ ಎಫ್‌ಸಿ ಮಾಡ್ಸೋದು ಅಂತಾರಲ್ಲ, ಅದು ಹೀಗೆ. ಪ್ರೈವೇಟ್ ಗಾಡಿಯ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತೆ, ಆಮೇಲೆ ಐದು ವರ್ಷಕ್ಕೊಮ್ಮೆ ಫಾರ್ಮ್ 25 ಹಾಕಿ, ಗಾಡಿ ತೋರಿಸಿ, ಮುಂದುವರಿಸ್ಕೋಬೇಕು. ಮುಂಚೆ ಕಾರ್‌ಗೆ 600 ರೂಪಾಯಿ ಇದ್ದ ಫೀಸು 2022ರ ಏಪ್ರಿಲ್‌ನಲ್ಲಿ 5,000 ಆಯ್ತು, 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರ್‌ಗೆ 10,000, ಬೈಕ್‌ಗೆ 2,000 ಆಯ್ತು. ಅದ್ರ ಮೇಲೆ ರಾಜ್ಯದ ಗ್ರೀನ್ ಟ್ಯಾಕ್ಸ್ ಬೇರೆ. ಲೇಟ್ ಆದ್ರೆ ಕಾರ್‌ಗೆ ತಿಂಗಳಿಗೆ 500 ಅಂತ ಹೆಚ್ಚುವರಿ, ವರ್ಷಗಟ್ಟಲೆ ಶೆಡ್ಡಲ್ಲಿ ಮಲಗಿದ್ದ ಗಾಡಿಗೆ ಈ ಲೆಕ್ಕ ಎಲ್ಲಿಂದ ಶುರು ಮಾಡ್ತಾರೆ, ಹಳೇ ಟ್ಯಾಕ್ಸ್ ಬಾಕಿ ಎಷ್ಟು ತೋರಿಸ್ತಿದೆ ಅಂತ ಗಾಡಿಗೆ ಒಂದು ರೂಪಾಯಿ ಹಾಕೋ ಮುಂಚೆನೇ ಕೌಂಟರಲ್ಲಿ ಕೇಳ್ಕೊಂಡು ಬನ್ನಿ. ಎಷ್ಟೋ ಸಲ ಬಾಕಿ ಮೊತ್ತ ಗಾಡಿ ಬೆಲೆಯನ್ನೇ ಮೀರಿಸುತ್ತೆ. ಗಾಡಿ ಓಡಿಸ್ತಿಲ್ಲ ಅಂತ ಅಜ್ಜ ಆ ಕಾಲದಲ್ಲೇ ಆಫೀಸಿಗೆ ಬರ್ಕೊಟ್ಟಿದ್ರೆ ಆ ಚೀಟಿ ಚಿನ್ನ, ಟ್ರಂಕ್ ಎಲ್ಲಾ ಹುಡುಕಿ.

ದುಡ್ಡಿಗಿಂತ ದೊಡ್ಡ ಕೆಲಸ ಅಂದ್ರೆ ರೆಕಾರ್ಡ್ ಹುಡುಕೋದು. ಕೆಎ ನಂಬರ್ ಬಂದಿದ್ದು 1989ರಲ್ಲಿ, ಅದಕ್ಕೆ ಮುಂಚೆ ಸಿ ಅಕ್ಷರದಿಂದ ಶುರುವಾಗೋ ಸೀರೀಸ್, ಅದಕ್ಕೂ ಮುಂಚೆ ಮೈಸೂರು ರಾಜ್ಯದ ಎಂವೈ. ಈ ಗಾಡಿಗಳ ಮೂಲ ದಾಖಲೆ ಇರೋದು ಆರ್‌ಟಿಓದ ಬಿ ರಿಜಿಸ್ಟರ್ ಅನ್ನೋ ದಪ್ಪ ಪುಸ್ತಕದಲ್ಲಿ, ಕಂಪ್ಯೂಟರಲ್ಲಿ ಅಲ್ಲ. ನಿಮ್ಮ ಆರ್‌ಸಿ ಕಳೆದೋಗಿದ್ರೂ ನಂಬರ್ ಗೊತ್ತಿದ್ರೆ ಬಿ ಎಕ್ಸ್‌ಟ್ರ್ಯಾಕ್ಟ್‌ಗೆ, ಅಂದ್ರೆ ಆ ಪುಸ್ತಕದ ನಕಲಿಗೆ, ಅರ್ಜಿ ಹಾಕಿ, ಮಾಲೀಕರು ಯಾರು, ಚಾಸಿ ಎಂಜಿನ್ ನಂಬರ್ ಏನು, ಎಂಜಿನ್ ಬದಲಾವಣೆ ಎಂಟ್ರಿ ಆಗಿದೆಯಾ, ಬ್ಯಾಂಕ್ ಸಾಲ ಏನಾದ್ರೂ ನಮೂದಾಗಿದೆಯಾ, ಎಲ್ಲಾ ಅದ್ರಲ್ಲೇ ಸಿಗುತ್ತೆ. ಇಡೀ ವ್ಯವಹಾರದಲ್ಲಿ ಅತ್ಯಂತ ಬೆಲೆ ಬಾಳೋ ಕಾಗದ ಇದೇ. ಆದ್ರೆ ಆ ಪುಸ್ತಕ ಯಾವ ಆಫೀಸಲ್ಲಿದೆ? 1997ರಲ್ಲಿ ಜಿಲ್ಲೆಗಳು ಒಡೆದಾಗ ಉಡುಪಿ ದಕ್ಷಿಣ ಕನ್ನಡದಿಂದ, ಗದಗ ಹಾವೇರಿ ಧಾರವಾಡದಿಂದ, ಕೊಪ್ಪಳ ರಾಯಚೂರಿಂದ ಬೇರೆ ಆದ್ವು, ಉಡುಪಿಯಲ್ಲಿರೋ 1968ರ ಗಾಡಿಯ ಪುಸ್ತಕ ಹುಡುಕೋಕೆ ಮಂಗಳೂರಿಗೇ ಹೋಗ್ಬೇಕಾಗ್ಬಹುದು. 1956ಕ್ಕಿಂತ ಹಿಂದಿನದಾದ್ರೆ ಇನ್ನೂ ಚೆಂದ, ಆಗ ಮಂಗಳೂರು ಮದ್ರಾಸಿಗೆ ಸೇರಿತ್ತು, ಬೆಳಗಾವಿ ಮುಂಬೈಗೆ, ಕಲಬುರಗಿ ಹೈದರಾಬಾದಿಗೆ, ಕೊಡಗು ತಾನೇ ಒಂದು ರಾಜ್ಯ.

ಪುಸ್ತಕ ಸಿಕ್ಕಿದ ಮೇಲೆ ಅದನ್ನ ಸರ್ಕಾರದ ವಾಹನ್ ಸಾಫ್ಟ್‌ವೇರ್‌ಗೆ ಏರಿಸ್ಬೇಕು, ಬ್ಯಾಕ್‌ಲಾಗ್ ಎಂಟ್ರಿ ಅಂತಾರೆ, ಅದಾಗದೆ ಆನ್‌ಲೈನಲ್ಲಿ ನಿಮ್ಮ ಗಾಡಿ ಇಲ್ಲವೇ ಇಲ್ಲ, ಫೀಸು ಕಟ್ಟೋಕೂ ಆಗಲ್ಲ. ಈಗಿನ ಗಾಡಿಗೆ 17 ಅಕ್ಷರ ಅಂಕಿಯ ಚಾಸಿ ನಂಬರ್, ಹಳೇ ಗಾಡಿಗೆ ಐದಾರು ಅಂಕಿ, ಟೈಪ್ ಮಾಡೋನು ಒಂದು ಸೊನ್ನೆ ತಪ್ಪಿಸಿದ್ರೆ ಮುಂದೆ ಇನ್ಸ್‌ಪೆಕ್ಷನ್ ದಿನ ಗಾಡಿ ಮೇಲಿನ ನಂಬರ್‌ಗೂ ಸ್ಕ್ರೀನ್ ಮೇಲಿನ ನಂಬರ್‌ಗೂ ತಾಳೆ ಆಗಲ್ಲ. ಎಂಟ್ರಿ ಆಗೋವಾಗ ಪಕ್ಕದಲ್ಲೇ ನಿಂತು ಓದ್ಸಿ, ಸಂಕೋಚ ಬೇಡ.

ಹೆಸರು ಬದಲಾವಣೆಗೆ ಬಂದ್ರೆ, ಮನೆಯೊಳಗಿನ ಗಾಡಿಯಾದ್ರೆ ಫಾರ್ಮ್ 31, ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ಉಳಿದ ವಾರಸುದಾರರೆಲ್ಲ ನಮ್ಮ ತಕರಾರಿಲ್ಲ ಅಂತ ಕೊಡೋ ಅಫಿಡವಿಟ್. ದೊಡ್ಡಪ್ಪ ಚಿಕ್ಕಪ್ಪಂದಿರ ಮಧ್ಯೆ ಆಸ್ತಿ ಕೇಸು ನಡೀತಿದ್ರೆ ಜೀಪ್ ಕೂಡ ಅದ್ರ ಜೊತೆ ಕೋರ್ಟಲ್ಲಿದೆ ಅಂತ ತಿಳ್ಕೊಳ್ಳಿ. ಕೊಂಡಿದ್ದಾದ್ರೆ ಫಾರ್ಮ್ 29, 30ಕ್ಕೆ ಆರ್‌ಸಿಯಲ್ಲಿರೋ ಮಾಲೀಕರದ್ದೇ ಸೈನ್ ಬೇಕು, ಬೇರೆ ರಾಜ್ಯದ್ದಾದ್ರೆ ಫಾರ್ಮ್ 28ರ ಎನ್‌ಓಸಿ ಕೂಡ, ಮಧ್ಯದಲ್ಲಿ ಬರೀ ಕೈಯಿಂದ ಕೈಗೆ ದಾಟಿದ್ರೆ ಆ ಸರಪಳಿಯ ಮೊದಲ ಕೊಂಡಿ ಹುಡುಕ್ಲೇಬೇಕು. ಮಿಲಿಟರಿ ಹರಾಜಿಂದ ಬಂದ ಜೀಪ್‌ಗಳಿಗೆ ಇನ್ನೊಂದು ಗಂಟು, 1944ರಲ್ಲಿ ತಯಾರಾದ ಗಾಡಿ ಸೈನ್ಯದ ಬಾಣದ ಗುರುತಿನ ನಂಬರಲ್ಲಿ ದುಡಿದು 1980ರಲ್ಲಿ ಆರ್‌ಟಿಓಗೆ ಬಂದಿದ್ರೆ 50 ವರ್ಷ ಯಾವಾಗಿಂದ ಎಣಿಸೋದು ಅನ್ನೋ ವಾದ ಶುರುವಾಗುತ್ತೆ. ಹರಾಜಿನ ರಿಲೀಸ್ ಪತ್ರ ಇಲ್ಲದೆ ಆ ವಾದಕ್ಕೆ ಇಳೀಲೇಬೇಡಿ.

ಇಷ್ಟೆಲ್ಲ ಕಷ್ಟ ನೋಡಿ ಯಾರಾದ್ರೂ ಬ್ರೋಕರ್ ಒಂದು ಸುಲಭದ ದಾರಿ ಹೇಳ್ತಾನೆ: ಅದೇ ಮಾಡೆಲ್‌ನ ಸ್ಕ್ರ್ಯಾಪ್ ಆಗಿರೋ ಗಾಡಿಯ ಒಳ್ಳೇ ಆರ್‌ಸಿ ಇದೆ ಸಾರ್, ಆ ಚಾಸಿ ನಂಬರ್ ನಿಮ್ಮ ಗಾಡಿಗೆ ಪಂಚ್ ಮಾಡ್ಸಿಬಿಡೋಣ, ಮುಗೀತು. ಮುಗಿಯೋದಿಲ್ಲ, ಅಲ್ಲಿಂದಾನೇ ಶುರು. ಅದು ದಂಡ ಕಟ್ಟಿ ಬಿಡೋ ಅಂಥ ತಪ್ಪಲ್ಲ, ಫೋರ್ಜರಿ, ಕ್ರಿಮಿನಲ್ ಕೇಸು. ಬ್ರೇಕ್ ಇನ್ಸ್‌ಪೆಕ್ಟರ್ ಚಾಸಿ ನಂಬರ್ ಮೇಲೆ ಪೇಪರ್ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತಗೊಳ್ಳೋದು ಸುಮ್ನೆ ಶಾಸ್ತ್ರಕ್ಕಲ್ಲ, ಅಕ್ಷರದ ಆಕಾರ, ಅಂತರ, ಆಳ, ಸುತ್ತ ಗ್ರೈಂಡರ್ ಆಡಿರೋ ಗುರುತು ಎಲ್ಲಾ ಅದ್ರಲ್ಲಿ ಕಾಣುತ್ತೆ. ಅನುಮಾನ ಬಂದ್ರೆ ಫೊರೆನ್ಸಿಕ್ ಲ್ಯಾಬ್‌ಗೆ ಹೋಗುತ್ತೆ, ಅಲ್ಲಿ ಆಸಿಡ್ ಹಾಕಿ ಒರೆಸಿದ್ರೆ ಉಜ್ಜಿ ಅಳಿಸಿದ ಹಳೇ ನಂಬರ್ ಮತ್ತೆ ಮೇಲೆ ಬರುತ್ತೆ, ಯಾಕಂದ್ರೆ ಪಂಚ್ ಹೊಡೆದಾಗ ಏಟು ಬಿದ್ದ ಜಾಗದ ಕೆಳಗಿನ ಕಬ್ಬಿಣದ ಒಳರಚನೆನೂ ಬದಲಾಗಿರುತ್ತೆ, ಮೇಲಿನ ಪದರ ತೆಗೆದ್ರೂ ಆ ಭಾಗ ಆಸಿಡ್‌ಗೆ ಬೇರೆ ಥರ ಪ್ರತಿಕ್ರಿಯಿಸುತ್ತೆ. ನಂಬರ್ ನಿಜವಾಗ್ಲೂ ತುಕ್ಕು ತಿಂದು ಹೋಗಿದ್ರೆ ಅರ್ಜಿ ಕೊಟ್ಟು ಅನುಮತಿ ತಗೊಂಡು ಅವ್ರೆದುರಿಗೇ ಮತ್ತೆ ಪಂಚ್ ಮಾಡ್ಸೋ ದಾರಿ ಕೇಳಿ, ಗ್ಯಾರೇಜಲ್ಲಿ ಸುತ್ತಿಗೆ ಮುಟ್ಟೋಕೇ ಬಿಡ್ಬೇಡಿ. ಕೊಳ್ಳೋರೂ ಅಷ್ಟೇ, ಎನ್‌ಸಿಆರ್‌ಬಿಯ (ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ) ವಾಹನ ಸಮನ್ವಯ ಪೋರ್ಟಲಲ್ಲಿ ಗಾಡಿ ಕಳ್ಳತನದ ಪಟ್ಟಿಯಲ್ಲಿದೆಯಾ ಅಂತ ನೋಡ್ಕೊಂಡೇ ಮುಂದುವರೀರಿ.

ಈಚೆಗೆ ಕೆಲವ್ರು ಹಳೇ ಫಿಯಟ್‌ಗೆ ಬ್ಯಾಟರಿ ಮೋಟಾರ್ ಹಾಕ್ಸೋ ಮಾತಾಡ್ತಾರೆ. ತಮಾಷೆ ಏನಂದ್ರೆ ಬೇರೆ ಪೆಟ್ರೋಲ್ ಎಂಜಿನ್ ಹಾಕೋದಕ್ಕಿಂತ ಇದಕ್ಕೆ ಕಾನೂನಲ್ಲಿ ಜಾಗ ಜಾಸ್ತಿ ಇದೆ, 52ನೇ ಸೆಕ್ಷನ್ನೇ ಬ್ಯಾಟರಿ, ಸಿಎನ್‌ಜಿ, ಎಲ್‌ಪಿಜಿಗೆ ಬದಲಾಯ್ಸೋ ಕನ್ವರ್ಷನ್ ಕಿಟ್‌ಗೆ ವಿನಾಯಿತಿ ಕೊಡುತ್ತೆ. ಷರತ್ತು ಏನಂದ್ರೆ ಆ ಕಿಟ್ ಪುಣೆಯ ಎಆರ್‌ಎಐ ಥರದ ಟೆಸ್ಟ್ ಏಜೆನ್ಸಿಯಿಂದ ಎಐಎಸ್ 123 ಅನ್ನೋ ಮಾನದಂಡದ ಪ್ರಕಾರ ಪಾಸ್ ಆಗಿರ್ಬೇಕು, ಅಧಿಕೃತ ಸೆಂಟರಲ್ಲೇ ಹಾಕ್ಸ್ಬೇಕು, ಆರ್‌ಸಿಯಲ್ಲಿ ಇಂಧನ ಬದಲಾಯ್ಸ್ಬೇಕು. ಅಪ್ರೂವಲ್ ಆಯಾ ಮಾಡೆಲ್‌ಗೆ ಸಿಗೋದು, ನಿಮ್ಮ ಐವತ್ತು ವರ್ಷದ ಗಾಡಿಗೆ ಅಂತ ಯಾರು ಅಷ್ಟು ಖರ್ಚು ಮಾಡಿ ಟೆಸ್ಟ್ ಮಾಡ್ಸಿರ್ತಾರೆ ಅನ್ನೋದೇ ಪ್ರಶ್ನೆ. ಮಾಡ್ಸಿದ್ರೂ ವಿಂಟೇಜ್ ಅರ್ಹತೆ ಅಲ್ಲಿಗೆ ಹೋಯ್ತು.

ಹಾಗಾದ್ರೆ ಈಗಾಗ್ಲೇ ಮಾಡಿಫೈ ಆಗಿರೋ ಗಾಡಿ ಕೈಯಲ್ಲಿದ್ರೆ? ಮೊದಲು ಬಿ ಎಕ್ಸ್‌ಟ್ರ್ಯಾಕ್ಟ್ ತರ್ಸಿ. ಬದಲಾವಣೆ ಅದ್ರಲ್ಲಿ ಎಂಟ್ರಿ ಆಗಿದ್ರೆ ವಿಂಟೇಜ್ ಆಸೆ ಬಿಟ್ಟು ಮಾಮೂಲಿ ರಿನ್ಯೂವಲ್‌ಗೆ ಹೋಗಿ. ಎಂಟ್ರಿ ಇಲ್ಲ ಅಂದ್ರೆ ಸದ್ಯಕ್ಕೆ ಗಟ್ಟಿಯಾದ ದಾರಿ ಒಂದೇ, ಮೂಲ ರೂಪಕ್ಕೆ ವಾಪಸ್ ತರೋದು, ಅದೇ ಮೇಕ್ ಟೈಪಿನ ಎಂಜಿನ್ ಬಿಲ್ ಸಮೇತ ಹುಡುಕಿ ಕೂರ್ಸೋದು, ಬಾಡಿ ಅಳತೆ ಸರಿ ಮಾಡ್ಸೋದು. ಖರ್ಚಿನ ಕೆಲಸ, ಕೆಲವೊಂದು ಗಾಡಿಗೆ ಅದು ಲೆಕ್ಕಕ್ಕೆ ಬರಲ್ಲ, ಆಗ ಅಂಗಳದಲ್ಲಿ ಇಟ್ಕೊಂಡು ತೊಳೆದು ನೋಡ್ಕೊಂಡು ಇರೋದು ಬಿಟ್ರೆ ಬೇರೆ ಇಲ್ಲ. ಕೆಲಸ ಇನ್ನೂ ಶುರು ಮಾಡಿಲ್ಲ ಅನ್ನೋರು ತೆಗೆದ ಒರಿಜಿನಲ್ ಎಂಜಿನ್‌ನ ಕೆಜಿ ಲೆಕ್ಕದಲ್ಲಿ ಗುಜರಿಗೆ ಹಾಕ್ಬೇಡಿ, ಮುಂದೆ ಅದೊಂದೇ ನಿಮ್ಮ ಗಾಡಿನ ಮತ್ತೆ ಸಕ್ರಮ ಮಾಡೋದು.

ಇನ್ಶೂರೆನ್ಸ್ ಬಗ್ಗೆ ಒಂದಿಷ್ಟು. ವಿಂಟೇಜ್ ಅಂತ ನೋಂದಣಿ ಆಗಿರೋ ಪ್ರೈವೇಟ್ ಕಾರ್‌ಗೆ ಥರ್ಡ್ ಪಾರ್ಟಿ ಪ್ರೀಮಿಯಂನಲ್ಲಿ 50 ಪರ್ಸೆಂಟ್ ರಿಯಾಯಿತಿ 2022ರ ರೂಲ್‌ನಲ್ಲಿದೆ, ಏಜೆಂಟ್ ತಾನಾಗಿ ಹೇಳ್ದೇ ಇರ್ಬಹುದು, ಕೇಳಿ ತಗೊಳ್ಳಿ. ಮಾಡಿಫೈ ಆಗಿರೋ ಗಾಡಿಯವ್ರು ಮಾತ್ರ ಪಾಲಿಸಿ ಮಾಡ್ಸೋವಾಗ ಆರ್‌ಸಿ ಝೆರಾಕ್ಸ್ ಕೊಟ್ಟು ಸುಮ್ನಾಗ್ಬಿಡ್ತಾರೆ, ಪಾಲಿಸಿಯಲ್ಲಿ ಪೆಟ್ರೋಲ್ ಅಂತಿರುತ್ತೆ, ಗಾಡಿಯಲ್ಲಿ ಡೀಸೆಲ್ ಟ್ಯಾಂಕ್ ಇರುತ್ತೆ, ಏನೂ ಆಗೋವರೆಗೂ ಯಾರೂ ಕೇಳಲ್ಲ. ಗಾಡಿ ಬೆಂಕಿ ಹಿಡಿದೋ ಗುದ್ದಿಯೋ ಸರ್ವೇಯರ್ ಬಂದಾಗ ಅವ್ನು ಮೊದಲು ತೆಗೆಯೋದೇ ಎಂಜಿನ್ ನಂಬರಿನ ಫೋಟೋ, ಅದು ಆರ್‌ಸಿ ಜೊತೆ ತಾಳೆ ಆಗ್ಲಿಲ್ಲ ಅಂದ್ರೆ ಕ್ಲೇಮ್ ತಿರಸ್ಕರಿಸೋಕೆ ಕಂಪನಿಗೆ ಅಷ್ಟೇ ಸಾಕು.